ಹೇರೆತ್ತಿನ ದಾರಿ

ನಮ್ಮ ನವಲಗುಂದ ಸೀಮೆಯಲ್ಲಿ ನೀರನ್ನು ನೋಡಲೆಂದು ಯಾರೂ ನಡೆದು ಹೋಗುವುದಿಲ್ಲ, ನೀರು ತರಲೆಂದು ಹೋಗುತ್ತಾರೆ. ಎರೆಮಣ್ಣಿನ ಈ ಬಯಲಿನಲ್ಲಿ ಬಾವಿ ತೋಡಿದರೂ ಬೋರು ಕೊರೆಸಿದರೂ ಬಹಳ ಕಡೆ ಸಿಗುವುದು ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಅದರಿಂದ ಬಾಯಾರಿಕೆಯೂ ಇಂಗುವುದಿಲ್ಲ. ಆದ್ದರಿಂದಲೇ ಊರೂರಿಗೆ ಕುಡಿಯುವ ನೀರಿನ ಕೆರೆ ಕಟ್ಟಿಕೊಂಡಿದ್ದೇವೆ, ಮಲಪ್ರಭೆಯ ಕಾಲುವೆಯಿಂದ ಅದನ್ನು ತುಂಬಿಸಿಕೊಳ್ಳುತ್ತೇವೆ. ಚಪ್ಪಲಿಯನ್ನು ದಂಡೆಯ ಮೇಲೆಯೇ ಬಿಟ್ಟು ಮೆಟ್ಟಿಲಿಳಿಯಬೇಕೆಂಬುದು ನಮ್ಮೂರ ಕಟ್ಟಳೆ. ದೇವಾಲಯದಲ್ಲಿ ಪಿಸುಮಾತನಾಡುವವರನ್ನು ಗದರುವ ಹಿರಿಯರಿಗಿಂತ, ಕೆರೆಯ ಮೆಟ್ಟಿಲಲ್ಲಿ ಕಾಲು ತೊಳೆದವನನ್ನು ಗದರುವವರು ನಮ್ಮಲ್ಲಿ ಹೆಚ್ಚು.

ಪ್ರಿಯ ವಾಚಕರೇ, ಇಂಥ ಊರಿನವನಾದ ನನ್ನನ್ನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಮಗ ಕಳೆದ ಫೆಬ್ರುವರಿಯಲ್ಲಿ, “ಅಪ್ಪಾ, ಯಲ್ಲಾಪುರದ ಕಾಡಿನಾಗ ಒಂದು ಕೆರಿ ಐತಿ, ನಡಕೋತ ಹೋಗಿ ನೋಡಿ ಬರೂಣು ಬಾ” ಎಂದು ಕರೆದಾಗ ನನಗೆ ನಗು ಬಂದಿತೆಂದರೆ ನೀವು ನಂಬುವಿರಿ. “ಕೆರೀ ನೋಡಾಕ ರೊಕ್ಕಾ ಖರ್ಚು ಮಾಡಿ ಹೋಗಬೇಕೇನಪಾ?” ಎಂದೆ. ಅವನು ನಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಮೂಟೆಯಂಥ ಚೀಲವೊಂದನ್ನು ಕಟ್ಟಿಕೊಂಡು ಗೆಳೆಯರೊಡನೆ ಕೊಡಚಾದ್ರಿ, ಕುದುರೆಮುಖ, ಕುಮಾರಪರ್ವತಗಳನ್ನು ಹತ್ತುವುದು ಅವನ ಹವ್ಯಾಸ. ಈ ಬಾರಿ ಗೆಳೆಯರನ್ನು ಬಿಟ್ಟು ತಂದೆಯನ್ನು ಕರೆದಿದ್ದನು.

ಅವನ ತಾಯಿ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. ಅವಳಿದ್ದಾಗ ನಮ್ಮಿಬ್ಬರ ಮಾತು ಅವಳ ಮೂಲಕವೇ ಸಾಗುತ್ತಿತ್ತು. ನಾನು ಹೇಳಬೇಕಾದುದನ್ನು ಅವಳಿಗೆ ಹೇಳುತ್ತಿದ್ದೆ, ಅವನು ಕೇಳಬೇಕಾದುದನ್ನು ಅವಳಲ್ಲಿ ಕೇಳುತ್ತಿದ್ದನು. ಆಕೆ ಹೋದ ಮೇಲೆ ದೂರವಾಣಿಯಲ್ಲಿ “ಊಟಾತ?” “ಆತು” ಎಂಬಲ್ಲಿಗೆ ನಮ್ಮ ಸಂಭಾಷಣೆ ಮುಗಿಯುತ್ತಿತ್ತು. ಹೊಲವನ್ನು ಮಾರಿಬಿಡುವ ಯೋಚನೆ ನನ್ನ ತಲೆಯಲ್ಲಿ ಬಹಳ ದಿನಗಳಿಂದ ಇದ್ದರೂ ಅದನ್ನು ಅವನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಹೊರಟದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ನಮ್ಮ ಅಜ್ಜ. ಅವನ ಅಜ್ಜನ ಕಾಲದಲ್ಲಿ ನಮ್ಮ ಬಯಲಿನ ಹತ್ತಿ ಯಲ್ಲಾಪುರ, ಶಿರಸಿಗಳ ಕಾಡುಗಳನ್ನು ಹಾಯ್ದು, ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತೆಂದು ಅವನು ಹೇಳುತ್ತಿದ್ದನು. ಅದು ಕಟ್ಟುಕಥೆಯಲ್ಲವೆಂದು ಮುಂದೆ ಓದಿ ತಿಳಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲದಲ್ಲಿ ಬೆಳೆದ ಹತ್ತಿಗೆ ಮುಂಬಯಿ, ಇಂಗ್ಲೆಂಡಿನ ವ್ಯಾಪಾರಿಗಳು ಇಟ್ಟಿದ್ದ ಹೆಸರೇ ‘ಕುಮಟಾ ಹತ್ತಿ’. ಬೆಳೆದ ಊರಿನ ಹೆಸರು ಬಿಟ್ಟುಹೋಗಿ ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು! ಗಾಡಿರಸ್ತೆಗಳಾಗುವ ಮುಂಚೆ ಅದನ್ನು ಹೊತ್ತದ್ದು ಹೇರೆತ್ತುಗಳು. ನೂರಾರು ಎತ್ತುಗಳ ಹಿಂಡನ್ನು ಲಂಬಾಣಿಗಳು ಹೊಡೆದುಕೊಂಡು ಹೋಗುತ್ತಿದ್ದರು. ಹೋಗುವಾಗ ಹತ್ತಿ, ಬರುವಾಗ ಉಪ್ಪು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೂ ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಆಸೆಯೇ ಮುಖ್ಯ ಕಾರಣ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರೂ ರೈಲನ್ನು ಕಾಣದ ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿಯೇ ಬಂದವರು. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತು, ಹಳಿ ಗೋವೆಯ ಮುರ್ಮಗೋವಾ ಬಂದರನ್ನು ಮುಟ್ಟಿತು. ಕುಮಟೆಯ ದಾರಿಗಳ ಮೇಲೆ ಹುಲ್ಲು ಬೆಳೆಯಿತು.

ನಾವು ಮೊದಲ ದಿನ ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ ಇಳಿದು ನೀರಸಾಗರವನ್ನು ಕಂಡೆವು. 1950ರ ದಶಕದಲ್ಲಿ ಬೇಡ್ತಿಯ ನೀರಿಗೆ ಒಡ್ಡು ಕಟ್ಟಿ ಹುಬ್ಬಳ್ಳಿಗಾಗಿ ಮಾಡಿದ ಕೆರೆ ಅದು. 2016–17ರ ಬರದಲ್ಲಿ ಒಣಗಿ ತಳದ ಮಣ್ಣು ಬಿರುಕು ಬಿಟ್ಟದ್ದನ್ನು ಪತ್ರಿಕೆಯಲ್ಲಿ ನೋಡಿದ್ದೆ. ಈಗ ನೀರಿತ್ತು, ಬೆಳ್ಳಕ್ಕಿಗಳಿದ್ದವು. ದಂಡೆಯ ಮೇಲೆ ಕುಳಿತು ಮಗನಿಗೆ ಒಂದು ಸಂಗತಿ ಹೇಳಿದೆ. ನಮ್ಮ ಜಿಲ್ಲೆಯ ಬೆನ್ನಿಹಳ್ಳ ಉತ್ತರಕ್ಕೆ ಹರಿದು ಮಲಪ್ರಭೆಯನ್ನು, ಅದರೊಡನೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಜಿಲ್ಲೆಯ ಬೇಡ್ತಿ ಪಶ್ಚಿಮಕ್ಕೆ ತಿರುಗಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬೀ ಸಮುದ್ರ ಸೇರುತ್ತದೆ. ಪಕ್ಕಪಕ್ಕದ ಹೊಲಗಳಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಅಗಲಿ ಹೋಗುತ್ತದೆ. “ಗೊತ್ತೈತಿ ಅಪ್ಪಾ, ಸಣ್ಣಾವಿದ್ದಾಗ ನೀನ ಹೇಳಿದ್ದಿ” ಎಂದನು. ನನಗೆ ನೆನಪಿರಲಿಲ್ಲ.

ಕಲಘಟಗಿಯ ಪೇಟೆಯಲ್ಲಿ ಬಣ್ಣದ ತೊಟ್ಟಿಲುಗಳ ಮುಂದೆ ಅವನು ತುಸು ಹೊತ್ತು ನಿಂತನು. ಅವನನ್ನು ತೂಗಿದ್ದು ಕಲಘಟಗಿಯ ತೊಟ್ಟಿಲೇ. ನನ್ನನ್ನೂ ತೂಗಿತ್ತು. ಬಿದಿರು ಮತ್ತು ಚಕ್ಕಡಿಯ ಕಟ್ಟಿಗೆಗೆಂದು ಮಲೆನಾಡಿನ ಸೆರಗಿಗೆ ಹೋಗಿದ್ದ ಅಜ್ಜ ಚಕ್ಕಡಿಯಲ್ಲಿ ಹೇರಿಕೊಂಡು ತಂದದ್ದದು. ಸಂಜೆ ಬಸ್ಸು ಹಿಡಿದು ಯಲ್ಲಾಪುರ ಸೇರಿದೆವು. ಹಿಂದೆ ಎತ್ತುಗಳು ವಾರಗಟ್ಟಲೆ ತುಳಿದ ದಿಕ್ಕಿನಲ್ಲಿ ಈಗ 52ನೆಯ ರಾಷ್ಟ್ರೀಯ ಹೆದ್ದಾರಿ. ನನಗೆ ಕಿಟಕಿಯ ಬಳಿ ನಿದ್ರೆ ಹತ್ತಿತ್ತು.

ಮರುದಿನ ನಡೆದ ತಪ್ಪು ನನ್ನದು. ಅದನ್ನು ಇದ್ದ ಹಾಗೆಯೇ ಹೇಳುತ್ತೇನೆ.

ಮಗನು ನಾಲ್ಕು ಬಾಟಲಿ ನೀರು ತುಂಬಿಸಿಟ್ಟಿದ್ದನು. “ಕಾಡಿನಾಗ ನೀರಿಗೇನು ಬರ? ಬೆನ್ನ ಮುರಕೋಬ್ಯಾಡ” ಎಂದು ಎರಡನ್ನು ವಸತಿಗೃಹದಲ್ಲಿಯೇ ಬಿಡಿಸಿದೆ. ಕವಡಿಕೆರೆ ಇರುವುದು ಮಾಗೋಡಿಗೆ ಹೋಗುವ ದಿಕ್ಕಿನಲ್ಲಿ. ಊರವರು ಹೇಳಿದ ದಾರಿಯಲ್ಲಿ ನೆಟ್ಟಗೆ ಹೋಗಿದ್ದರೆ ಸಾಕಾಗಿತ್ತು. ನಡುವೆ ಎಡಕ್ಕೆ ಹುಲ್ಲು ಮುಚ್ಚಿದ ಚಕ್ಕಡಿಯ ಜಾಡೊಂದು ಕಂಡಿತು. ಇದೇ ಅಜ್ಜ ಹೇಳಿದ ಹೇರೆತ್ತಿನ ದಾರಿ ಎಂದು ನನ್ನ ಮನಸ್ಸು ನಿಶ್ಚಯಿಸಿಬಿಟ್ಟಿತು. ಮಗನು ತನ್ನ ಮೊಬೈಲಿನ ನಕ್ಷೆ ತೋರಿಸಿ ಬೇಡವೆಂದನು. ಕಾಡಿನಲ್ಲಿ ಗುರುತಿಲ್ಲದ ಜಾಡು ಹಿಡಿಯುವುದು ಅರಣ್ಯ ಇಲಾಖೆಯ ನಿಯಮಕ್ಕೂ ವಿರುದ್ಧ, ಜೀವಕ್ಕೂ ಕೇಡು. ಅರವತ್ತು ದಾಟಿದವನ ಹಟದ ಮುಂದೆ ನಕ್ಷೆ ಏನು ಮಾಡೀತು? ಒಂದು ತಾಸಿನ ನಂತರ ಜಾಡು ಕಡಿದ ಮರಗಳ ಬೊಡ್ಡೆಗಳ ನಡುವೆ ನಿಂತುಹೋಯಿತು. ಅದು ಎತ್ತಿನ ದಾರಿಯಾಗಿರದೆ ಎಂದೋ ಕಟ್ಟಿಗೆ ಸಾಗಿಸಿದ ದಾರಿಯಾಗಿತ್ತು. ಹಿಂದಿರುಗುವಾಗ ಜಾಡು ಮೂರಾಗಿ ಕವಲೊಡೆದಂತೆ ತೋರಿತು. ಬರುವಾಗ ನಾವು ಒಂದನ್ನೇ ಕಂಡಿದ್ದೆವು.

ನಮ್ಮ ಬಯಲಿಗಿಂತ ನಾಲ್ಕು ಪಟ್ಟು ಮಳೆ ಬೀಳುವ ನಾಡು ಅದು. ಆದರೆ ಆ ಮಳೆಯೆಲ್ಲ ಮೂರು ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಓಡಿಹೋಗುತ್ತದೆ. ಫೆಬ್ರುವರಿಯ ಕೊನೆಗೆ ಸಣ್ಣ ಹಳ್ಳಗಳಲ್ಲಿ ಉಳಿಯುವುದು ಕಲ್ಲು ಮತ್ತು ತರಗೆಲೆ. ನಾವು ದಾಟಿದ ಮೂರು ಹಳ್ಳಗಳೂ ಒಣಗಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದೇ ಬಾಟಲಿಯಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಮೊಬೈಲಿಗೆ ಸಂಪರ್ಕವಿರಲಿಲ್ಲ. ನನ್ನ ಕಾಲು ನಡುಗತೊಡಗಿ ಒಂದು ಮತ್ತಿಯ ಮರಕ್ಕೆ ಒರಗಿ ಕುಳಿತೆ. ಮಗನು ಬಾಟಲಿಯನ್ನು ಕೊಟ್ಟನು. ನೀನು ಕುಡಿ ಎಂದೆ. “ನಂದ ಆಗೇತಿ, ನೀ ಕುಡಿ” ಎಂದನು.

ಆ ಮಾತನ್ನು ನಾನು ಬೇರೊಬ್ಬರ ಬಾಯಲ್ಲಿ ಕೇಳಿದ್ದೆ. 2002–03ರ ಬರದ ವರ್ಷ ನಮ್ಮ ಹೊಲದಲ್ಲಿ ಜೋಳ ಮೊಣಕಾಲಷ್ಟೂ ಏಳಲಿಲ್ಲ. ರಾತ್ರಿ ನಾನೂ ಚಿಕ್ಕ ಮಗನೂ ಉಣ್ಣಲು ಕುಳಿತಾಗ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ನಮ್ಮ ಕಡೆಗೆ ಸರಿಸುತ್ತಾ ಅವನ ತಾಯಿ, “ನಂದ ಆಗೇತಿ, ನೀವು ಉಣ್ರಿ” ಎನ್ನುತ್ತಿದ್ದಳು. ನಾನು ನಂಬಿದಂತೆ ನಟಿಸುತ್ತಿದ್ದೆ. ಆ ಮಧ್ಯಾಹ್ನ ಕಾಡಿನಲ್ಲಿ ಅರ್ಧ ಕುಡಿದು ಅರ್ಧ ಅವನಿಗೆ ಹಿಂದಿರುಗಿಸಿದೆ. ಅವನು ಕುಡಿಯುವವರೆಗೂ ಏಳುವುದಿಲ್ಲವೆಂದೆ.

ಮೊದಲು ದನದ ಕೊರಳಿನ ಗಂಟೆಯ ಸದ್ದು ಕೇಳಿಸಿತು, ಅನಂತರ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಕಾಣಿಸಿದಳು. ಸಿದ್ಧಿ ಜನಾಂಗದವಳು. ಆಫ್ರಿಕದ ನೆಲದಿಂದ ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರೆಂಬುದು ಅವರ ಪೂರ್ವಜರ ಕಥೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ನಮ್ಮ ಕಲಘಟಗಿಯಲ್ಲಿಯೂ ಅವರಿದ್ದಾರೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಉತ್ತರ ಕನ್ನಡದ ಸಿದ್ಧಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ನಾವು ‘ಮರೆತ ದಾರಿ’ ಎಂದು ಹುಡುಕುವ ದಾರಿಗಳನ್ನು ಒಂದು ದಿನವೂ ಮರೆಯುವಂತಿಲ್ಲದ ಜನ ಇವರು.

ಆಕೆ ಏನನ್ನೂ ಕೇಳದೆ ಹೊರೆಯನ್ನು ಇಳಿಸಿಟ್ಟು, ಬನ್ನಿ ಎಂದು ಕೈಮಾಡಿದಳು. ಐದು ನಿಮಿಷದ ದಾರಿ. ಬಂಡೆಯ ಕೆಳಗೆ ಮೊರದಷ್ಟು ಅಗಲದ ಒರತೆ ಇತ್ತು. ಮಗನು ಧಾವಿಸಿ ಹೋಗುತ್ತಿದ್ದಂತೆ ಆಕೆ ತಡೆದು ಅವನ ಕಾಲಿನ ಕಡೆಗೆ ಬೆರಳು ತೋರಿಸಿದಳು. ಅವನು ದಪ್ಪ ಬೂಟುಗಳ ದಾರ ಬಿಚ್ಚತೊಡಗಿದನು. ನಾನು ಅದಾಗಲೇ ಚಪ್ಪಲಿ ಕಳಚಿದ್ದೆ, ಯಾವಾಗ ಕಳಚಿದೆನೆಂಬುದೇ ತಿಳಿಯದು. ಆಕೆ ಎಲೆಗಳನ್ನು ಸರಿಸಿ, ಕದಡಿದ್ದು ತಿಳಿಯಾಗುವವರೆಗೆ ನಮ್ಮನ್ನು ಕಾಯಿಸಿ, ಮೊದಲು ನನಗೆ, ಆಮೇಲೆ ಅವನಿಗೆ ಚಂಬಿನಲ್ಲಿ ಮೊಗೆದು ಕೊಟ್ಟಳು.

ಯಾವ ಊರೆಂದು ಆಮೇಲೆ ಕೇಳಿದಳು. ನವಲಗುಂದ ಎಂದೆ. “ಈ ಹೊಳೆ ನಿಮ್ಮ ಕಡೆಗೇ ಒಯ್ತಾರಂತಲ್ಲ?” ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ಸಂತೆಯ ಧಾರಣೆ ಕೇಳಿದಂತೆ ಕೇಳಿದಳು. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸಿ ಬಯಲುಸೀಮೆಗೆ ಒಯ್ಯುವ ಯೋಜನೆಯ ಮಾತು ಆ ಕಾಡಿನ ಒರತೆಯವರೆಗೂ ತಲುಪಿತ್ತು. ಹಿಂದೆ ಇದೇ ಬೇಡ್ತಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಹೊರಟಾಗ, 1981ರಲ್ಲಿ ಶಿರಸಿಯಲ್ಲಿ ವಿಚಾರಸಂಕಿರಣ ನಡೆಸಿ, ಲೆಕ್ಕ ಕೇಳಿ, ಅಲ್ಲಿಯ ಜನ ಅದನ್ನು ನಿಲ್ಲಿಸಿದ್ದರು.

“ನಾವು ಕೇಳಾಕ ಹತ್ತಿದ್ದು ಮಹಾದಾಯಿ ನೀರು ತಾಯಿ, ಇದಲ್ಲ” ಎಂದೆ. ಅದು ಸುಳ್ಳಲ್ಲ. 2015ರ ಜುಲೈನಿಂದ ಕಳಸಾ–ಬಂಡೂರಿಗಾಗಿ ನರಗುಂದ, ನವಲಗುಂದಗಳ ರೈತರು ಹೂಡಿದ ಧರಣಿಯಲ್ಲಿ ನಾನೂ ಕುಳಿತವನು. 2016ರ ಜುಲೈ ಕೊನೆಯಲ್ಲಿ ನವಲಗುಂದ ಉರಿದದ್ದನ್ನು ಕಂಡವನು. 2018ರಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದಾಗ ಪೇಡೆ ಹಂಚಿದವನು. ನೀರು ಬೇಕೆಂದು ಕೂಗಿದ್ದು ತಪ್ಪೆಂದು ಇಂದಿಗೂ ನನಗೆ ಅನಿಸಿಲ್ಲ. ಸವುಳು ನೀರು ಕುಡಿದ ಮಕ್ಕಳ ಮುಖವನ್ನು ನೀವು ನೋಡಿದ್ದರೆ ನಿಮಗೂ ಅನಿಸಲಾರದು.

ಆಕೆ ತಲೆಯಾಡಿಸಿದಳು. “ಅಲ್ಲಿಯೂ ಕಾಡಿನಲ್ಲಿ ಯಾರೋ ಇರ್ತಾರಲ್ಲ” ಎಂದು ಹೊರೆಯನ್ನು ಎತ್ತಿಸಿಕೊಳ್ಳಲು ನನ್ನ ಕಡೆ ನೋಡಿದಳು. ಮಗನೂ ನಾನೂ ಕೂಡಿ ಎತ್ತಿಕೊಟ್ಟೆವು. ಅಷ್ಟು ಭಾರವನ್ನು ಆಕೆ ಅಷ್ಟು ದೂರ ಹೊತ್ತಿದ್ದಳೆಂದು ಎತ್ತಿದಾಗಲೇ ತಿಳಿಯಿತು. ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ.

ಅವಳು ತೋರಿದ ಕಾಲುದಾರಿಯಲ್ಲಿ ಹೊತ್ತು ಇಳಿಯುವ ಮುಂಚೆ ಕವಡಿಕೆರೆ ಮುಟ್ಟಿದೆವು. ಸುತ್ತಲೂ ಕಾಡು, ದಂಡೆಯಲ್ಲೊಂದು ಗುಡಿ, ನಡುವೆ ಅರವತ್ತು ಎಕರೆಯಷ್ಟು ಹರಡಿದ ನಿಶ್ಚಲ ನೀರು. ಮರಗಳ ನೆರಳು ಅದರೊಳಗೆ ತಲೆಕೆಳಗಾಗಿ ನಿಂತಿತ್ತು. ಯಾರೂ ಕೊಡ ಹಿಡಿದು ನಿಂತಿರಲಿಲ್ಲ. ಆ ಸೌಂದರ್ಯವನ್ನು ಸವಿಯುವ ಬದಲು ನನ್ನ ಪಾಪಿ ಮನಸ್ಸು, ಇಷ್ಟು ನೀರು ನಮ್ಮೂರಿಗೆ ಎಷ್ಟು ವರ್ಷಕ್ಕಾದೀತೆಂದು ಲೆಕ್ಕ ಹಾಕತೊಡಗಿತು. ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಮಗನು ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕನು. ಕಟಕರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಉಂಡೆವು. ಆಗ ಹೊಲ ಮಾರುವ ವಿಷಯವನ್ನು ಹೇಳಿದೆ.

ಅವನು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದನು. ಅನಂತರ, “ನಮ್ಮ ಕೃಷಿಹೊಂಡದಾಗ ಹೂಳು ಎಷ್ಟೈತಿ?” ಎಂದು ಕೇಳಿದನು. ಸರಕಾರದ ಸಹಾಯಧನದಲ್ಲಿ ತೋಡಿಸಿ, ಆರೈಕೆಯಿಲ್ಲದೆ ಅರ್ಧ ಮುಚ್ಚಿಹೋಗಿದ್ದ ಹೊಂಡ ಅದು. “ನಮ್ಮ ಹೊಲದಾಗ ಬಿದ್ದ ಮಳೀನ ಬೆನ್ನಿಹಳ್ಳಕ್ಕ ಬಿಟ್ಟು, ಮಂದೀ ಕಾಡಿನ ನೀರ ಕೇಳಿದ್ರ ಆಕಿ ಏನನಬೇಕು?” ಎಂದನು. ಒಂದು ಹೊಂಡದಿಂದ ಊರಿನ ಬಾಯಾರಿಕೆ ತೀರುವುದಿಲ್ಲವೆಂದು ನಾನು ವಾದಿಸಿದೆ. ತೀರುವುದಿಲ್ಲವೆಂದು ಅವನೂ ಒಪ್ಪಿದನು. ಕತ್ತಲಾಗುವ ಮುಂಚೆ ಹೆದ್ದಾರಿಗೆ ಬಂದೆವು. ಈ ಸಲ ದಾರಿಯನ್ನು ಅವನೇ ಆರಿಸಿದನು.

ಮೇ ತಿಂಗಳಲ್ಲಿ ಎಂಟು ದಿನ ರಜೆ ಹಾಕಿ ಊರಿಗೆ ಬಂದನು. ಹೊಲ ಇನ್ನೂ ಮಾರಿಲ್ಲ, ಮಾರುವುದಿಲ್ಲವೆಂದು ನಿರ್ಧರಿಸಿಯೂ ಇಲ್ಲ. ಹೊಂಡದ ಹೂಳನ್ನು ಮಾತ್ರ ಯಂತ್ರ ಹಚ್ಚಿ ತೆಗೆಸಿ, ಮೂಲೆಗಳನ್ನು ನಾವಿಬ್ಬರೇ ಸಲಿಕೆಯಿಂದ ಬಳಿದೆವು. ಜೂನಿನ ಎರಡನೆಯ ವಾರದಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಮುಂಜಾನೆ ನಾನು ಹೊಲಕ್ಕೆ ಹೋದೆ. ಹೊಂಡದಲ್ಲಿ ಸೊಂಟದಷ್ಟು ಕೆಂಪು ನೀರು ನಿಂತಿತ್ತು. ಬದುವಿನ ಮೇಲೆ ಚಪ್ಪಲಿ ಬಿಟ್ಟು ಕೆಳಗಿಳಿದು, ಬೆಂಗಳೂರಿಗೆ ಕಳುಹಿಸಲು ಅದರ ಚಿತ್ರ ತೆಗೆದೆ.