ಕೆಂಪು ಕುರ್ಚಿಯಲ್ಲಿ ಕುಳಿತವಳು

ಫ್ರಾನ್ಸ್ ದೇಶದ ಚಿತ್ರಕಾರನಾದ ಪಾಲ್ ಸೆಜಾನನು (1839–1906) ತನ್ನ ಮಡದಿಯಾದ ಹೊರ್ಟೆನ್ಸ್ ಫಿಕೆಯ ತೈಲಚಿತ್ರಗಳನ್ನು ಸುಮಾರು 29 ಬಾರಿ ಬರೆದನು. ಅವುಗಳಲ್ಲಿ ನಗೆಯನ್ನು ಅರಸುವವರಿಗೆ ದೊರೆಯುವುದು ಬಲು ಸ್ವಲ್ಪ. ಈ ಬಿಗಿದ ತುಟಿಯನ್ನೇ ಸಾಕ್ಷಿಯಾಗಿಟ್ಟುಕೊಂಡು ಆಕೆಯನ್ನು ಸಿಡುಕಿಯೆಂದೂ ಅರಸಿಕಳೆಂದೂ ಹಳಿದವರುಂಟು. ಪತಿಯ ಗೆಳೆಯರೇ ಅವರಲ್ಲಿ ಮುಂದಾಳುಗಳು.

ಅಮೆರಿಕದ ಬಾಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ 1877ರ ಸುಮಾರಿನ ಒಂದು ಚಿತ್ರವಿರುವುದು. ಕೆಂಪು ಕುರ್ಚಿಯೊಂದರಲ್ಲಿ ಹೊರ್ಟೆನ್ಸಳು ಕುಳಿತಿದ್ದಾಳೆ. ಎದೆಯ ಮೇಲೆ ರೇಷ್ಮೆಯ ಗಂಟು. ಹಸುರು ಹಳದಿಗಳ ನಿಡಿದಾದ ಪಟ್ಟೆಗಳುಳ್ಳ ಲಂಗ. ಮಡಿಲಲ್ಲಿ ಹೆಣೆದುಕೊಂಡ ಬೆರಳುಗಳು. ಹಿಂದಿನ ಗೋಡೆಗೆ ಅಂಟಿಸಿದ ಹಳದಿಯ ಕಾಗದದ ಮೇಲೆ ಅಲ್ಲಲ್ಲಿ ನೀಲಿಯ ಗುರುತುಗಳು. ಈ ಗೋಡೆಗಾಗದವೇ ಆ ಕಾಲದ ಬೇರೆ ಚಿತ್ರಗಳಲ್ಲಿಯೂ ಕಾಣುವುದರಿಂದ ಪಂಡಿತರು ಚಿತ್ರದ ಕಾಲವನ್ನು ಅದರಿಂದಲೇ ನಿರ್ಣಯಿಸಿದರು. ಮುಖದಲ್ಲಿಯೂ ಹಸುರಿನ ಛಾಯೆ, ನೀಲಿಯ ಛಾಯೆ! ಕುರ್ಚಿಯ ಕೆಂಪು, ಲಂಗದ ಹಸುರು, ಗೋಡೆಯ ಹಳದಿಗಳೆಲ್ಲ ಆ ಮುಖಕ್ಕೆ ಬಂದು ತಮ್ಮತಮ್ಮ ಪಾಲನ್ನು ಸಲ್ಲಿಸಿ ಹೋದಂತಿದೆ. 1907ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇದನ್ನು ಕಂಡ ಜರ್ಮನ್ ಭಾಷೆಯ ಕವಿ ರಿಲ್ಕೆಯು ತನ್ನ ಪತ್ನಿಗೆ ಬರೆದ ಕಾಗದದಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದನು.

ಚಿತ್ರದ ಹೆಸರಿನಲ್ಲಿ 'ಮದಾಮ್ ಸೆಜಾನ್' ಎಂದಿರುವುದಾದರೂ ಆಗ ಆಕೆ ವಿಧಿವತ್ತಾಗಿ ಆತನ ಪತ್ನಿಯಾಗಿರಲಿಲ್ಲ. ಇಬ್ಬರ ಪರಿಚಯವಾದುದು 1869ರ ಸುಮಾರಿನಲ್ಲಿ. ಮಗ ಹುಟ್ಟಿದುದು 1872ರಲ್ಲಿ. ಎಕ್ಸ್ ಪಟ್ಟಣದ ಸಾಹುಕಾರನಾದ ಸೆಜಾನನ ತಂದೆಯು ಪ್ರತಿ ತಿಂಗಳೂ ಕಳುಹಿಸುತ್ತಿದ್ದ ಹಣವು ಎಲ್ಲಿ ನಿಂತುಹೋಗುವುದೋ ಎಂಬ ಅಂಜಿಕೆಯಿಂದ ಮಡದಿ ಮಕ್ಕಳ ಸಂಗತಿಯನ್ನು ಆತನು ವರ್ಷಗಟ್ಟಲೆ ಮುಚ್ಚಿಟ್ಟನು. 1878ರಲ್ಲಿ ಮಗನ ಹೆಸರಿಗೆ ಬಂದ ಕಾಗದವನ್ನು ಮುದುಕನು ಒಡೆದು ಓದಿದನು, ಗುಟ್ಟು ಬಯಲಾಯಿತು. ಹಣವು ಕಡಮೆಯಾದಾಗ ಹೊರ್ಟೆನ್ಸಳ ಸಂಸಾರಕ್ಕೆ ತಿಂಗಳಿಗೆ 60 ಫ್ರಾಂಕು ಕಳುಹಿಸಿದವನು ಬಾಲ್ಯಮಿತ್ರನಾದ ಕಾದಂಬರಿಕಾರ ಎಮಿಲ್ ಜೋಲಾ. ವಿವಾಹವು 1886ರ ಏಪ್ರಿಲಿನಲ್ಲಿ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತಂದೆಯು ತೀರಿಕೊಂಡನು. ನಲವತ್ತೇಳು ತುಂಬಿದ ಗಂಡಸಿಗೆ ತಂದೆಯ ಭಯವು ಇಷ್ಟಿತ್ತು!

ಹೀಗೆ ಹದಿನಾರು ಹದಿನೇಳು ವರ್ಷ ಹೆಸರಿಲ್ಲದೆ ಸಂಸಾರ ನಡೆಸಿದವಳು ಕುರ್ಚಿಯಲ್ಲಿಯೂ ಮಿಸುಕದೆ ಕುಳಿತಿರಬೇಕಾಗಿತ್ತು. ಸೆಜಾನನ ಕುಂಚವು ಅತಿ ನಿಧಾನವಾದುದು. ಚಿತ್ರವ್ಯಾಪಾರಿಯಾದ ವೊಲಾರನು 1899ರಲ್ಲಿ ತನ್ನ ಚಿತ್ರಕ್ಕಾಗಿ 115 ಸಲ ಕುಳಿತನಂತೆ. ಆದರೂ ಅದು ಮುಗಿಯಲಿಲ್ಲ. ನಡುವೆ ತೂಕಡಿಸಿ ಜಾರಿದಾಗ, ಸೇಬಿನ ಹಣ್ಣು ಅಲುಗಾಡುವುದುಂಟೆ ಎಂಬ ಬೈಗುಳವನ್ನೂ ತಿಂದನು. ಅಷ್ಟು ಹೊತ್ತು ತುಟಿಯ ಮೇಲೆ ಯಾವ ನಗೆ ನಿಂತೀತು? ಹಣ್ಣುಗಳು ಬಾಡುವವು, ಸೇವಕರು ಬೇಸರಗೊಳ್ಳುವರು. ಹೊರ್ಟೆನ್ಸಳಾದರೋ ಇಪ್ಪತ್ತು ವರ್ಷ ಕುಳಿತಳು. ಅರಸಿಕಳೆಂದವರು ಇದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಅದೇ ಕಾಲದ ಇನ್ನೊಂದು ಚಿತ್ರವು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದೆ. ಅಲ್ಲಿ ಆಕೆ ಬಟ್ಟೆ ಹೊಲಿಯುತ್ತಿದ್ದಾಳೆ. ತಲೆ ಬಾಗಿದೆ, ದೃಷ್ಟಿಯೆಲ್ಲ ಕೈಗೆಲಸದ ಮೇಲಿದೆ. ಎದುರಿಗೆ ಕುಂಚ ಹಿಡಿದು ನಿಂತವನ ಗೊಡವೆ ಆ ಹೊತ್ತಿಗೆ ಆಕೆಗಿಲ್ಲ.