ಓದು ಬಾರದ ಮನೆಯ ಕನ್ನಡ ಪುಸ್ತಕಗಳು

ಪುಸ್ತಕಗಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಹೋದ ವರ್ಷ ನನಗೆ ಬಂತು. ಹೈದರಾಬಾದಿನ ಒಂದು ಸಣ್ಣ ಗ್ರಂಥಾಲಯ ಅದನ್ನು ತನ್ನ ಜಾಲತಾಣದಲ್ಲಿ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಹಾಕಬೇಕೆಂದುಕೊಂಡಿತ್ತು. ಆ ಊರಲ್ಲಿ ಕನ್ನಡ ಯಾರಿಗೆ ಬೇಕು ಎಂದು ಬೆಂಗಳೂರಿನ ಗೆಳೆಯರು ಕೇಳಿದರು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಎಂದು ಬಂದವರಲ್ಲಿ ಎಷ್ಟೋ ಮಂದಿ ರಾಜ್ಯ ಒಡೆದ ಮೇಲೂ ಇಲ್ಲೇ ಉಳಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಈಗಲೂ ಇದೆ. ಆ ಕುಟುಂಬಗಳ ಮನೆಯ ಬೀರುಗಳಲ್ಲಿ ಪುಸ್ತಕಗಳೂ ಇವೆ.

ಮೊದಲ ತೊಡಕು ಶೀರ್ಷಿಕೆಯಲ್ಲೇ. ಪ್ರಿಸರ್ವೇಶನ್, ಕನ್ಸರ್ವೇಶನ್ ಎರಡಕ್ಕೂ ನಮ್ಮ ನಿಘಂಟುಗಳು ‘ಸಂರಕ್ಷಣೆ’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಹಾಳಾಗದಂತೆ ನೋಡಿಕೊಳ್ಳುವುದು ಒಂದು, ಹಾಳಾದದ್ದನ್ನು ಸರಿಪಡಿಸುವುದು ಇನ್ನೊಂದು. ಮನೆಯ ಮಾತಲ್ಲಿ ಎರಡಕ್ಕೂ ಪದ ಇದ್ದೇ ಇದೆ: ಜೋಪಾನ, ದುರಸ್ತಿ. ನಾನು ಅವನ್ನೇ ಇಟ್ಟೆ. ಮನೆಯವರು ಮಾಡಬೇಕಾದ್ದು ಜೋಪಾನ. ದುರಸ್ತಿಯನ್ನು ಆದಷ್ಟು ಬಲ್ಲವರಿಗೆ ಬಿಡಬೇಕು. ಕೈಪಿಡಿಯ ಅರ್ಧ ತಿರುಳು ಈ ಎರಡು ಪದಗಳಲ್ಲೇ ಬಂದುಬಿಡುತ್ತದೆ.

ಎರಡನೆಯ ತೊಡಕು ಹವೆ. ಪುಸ್ತಕವಿರುವ ಕೋಣೆ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರಲಿ, ತೇವಾಂಶ ಶೇಕಡಾ 50ರ ಹತ್ತಿರ ಇರಲಿ ಎನ್ನುತ್ತದೆ ಮೂಲ. ಇಲ್ಲಿ ಮೇ ತಿಂಗಳಲ್ಲಿ ಪಾದರಸ 40 ದಾಟುತ್ತದೆ, ಆಗಸ್ಟಿನಲ್ಲಿ ಗೋಡೆಗೆ ಕೈಯಿಟ್ಟರೆ ತಣ್ಣಗೆ ಅಂಟುತ್ತದೆ. ಆ ಸಾಲನ್ನು ಹಾಗೇ ಇಳಿಸಿದರೆ ಓದಿದವರು ‘ಇದು ನಮ್ಮಂಥವರಿಗಲ್ಲ’ ಎಂದು ಪುಟ ಮುಚ್ಚುತ್ತಾರೆ. ಗ್ರಂಥಾಲಯದವರ ಒಪ್ಪಿಗೆ ಪಡೆದು ಹೀಗೆ ಬರೆದೆ: ಬೀರುವನ್ನು ಮಳೆ ಹೊಡೆಯುವ ಗೋಡೆಗೆ ಆನಿಸಬೇಡಿ, ನಾಲ್ಕು ಬೆರಳು ಸಂದು ಬಿಡಿ. ತಾರಸಿಯ ಕೆಳಗಿನ ಅಟ್ಟ ಬೇಡ, ಮನೆಯಲ್ಲಿ ಅದಕ್ಕಿಂತ ಬಿಸಿಯಾದ ಜಾಗ ಇನ್ನೊಂದಿಲ್ಲ. ಪುಸ್ತಕ ನೆನೆದರೆ ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಬಿಡಿಸಿ ನಿಲ್ಲಿಸಿ ಫ್ಯಾನು ಹಾಕಿ. ಎರಡು ದಿನ ದಾಟಿದರೆ ಬೂಷ್ಟು ಶುರು. 2020ರ ಅಕ್ಟೋಬರಿನ ಮಳೆಯಲ್ಲಿ ನೆಲಮಹಡಿ ಮುಳುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಮದ್ದುಗಳ ಬಗ್ಗೆ ಮೂಲದಲ್ಲಿ ಒಂದು ಮಾತೂ ಇರಲಿಲ್ಲ. ಬೇವಿನೆಲೆ ಇಡಬಹುದು, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಎಲೆ ತಾನೇ ತೇವ ಬಿಡುತ್ತದೆ. ಬಜೆ ಬೇರನ್ನು ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿಡುವುದು ಓಲೆಗರಿಗಳ ಕಾಲದಿಂದ ಬಂದದ್ದು. ನುಸಿಗುಳಿಗೆಯ ವಾಸನೆ ಹುಳುವಿಗಿಂತ ಮುಚ್ಚಿದ ಕೋಣೆಯಲ್ಲಿ ಮಲಗುವವರಿಗೇ ಹೆಚ್ಚು ತೊಂದರೆ. ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಹುಳು ಹತ್ತಿರ ಬರುವುದಿಲ್ಲ ಎನ್ನುವುದು ನಿಜ, ಆದರೆ ಅದರಲ್ಲಿರುವ ತಾಮ್ರ ಕಾಗದವನ್ನು ಒಳಗಿಂದ ತಿನ್ನುತ್ತದೆ. ಇನ್ನು ಸೆಲ್ಲೋಟೇಪ್. ಅದು ಕೆಲವು ವರ್ಷಗಳಲ್ಲಿ ಉದುರಿಹೋಗುತ್ತದೆ, ಅದರ ಅಂಟು ಮಾತ್ರ ಅಕ್ಷರದ ಮೇಲೆ ಕಂದು ಪಟ್ಟಿಯಾಗಿ ಶಾಶ್ವತವಾಗಿ ಕೂರುತ್ತದೆ. ಗೆದ್ದಲಿಗಿಂತ ಹೆಚ್ಚು ಪುಸ್ತಕಗಳನ್ನು ಪ್ರೀತಿಯೇ ಹಾಳುಮಾಡಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಂತ ಎಲ್ಲಕ್ಕೂ ಮನೆಯವರನ್ನೇ ದೂರುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಗದವನ್ನು ಚಿಂದಿ ಬಟ್ಟೆಯ ಬದಲು ಮರದ ತಿರುಳಿನಿಂದ ಮಾಡತೊಡಗಿದರು. ಶಾಯಿ ಹರಡದಿರಲೆಂದು ಅದಕ್ಕೆ ಪಟಿಕವನ್ನೂ ರಾಳವನ್ನೂ ಸೇರಿಸಿದರು. ಆ ಪಟಿಕ ಆಮ್ಲವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಅದರ ಕೆಲಸ ಚುರುಕು. ಅದಕ್ಕೇ ಕೈಕಾಗದದ ಹಳೇ ದಫ್ತರ ಗಟ್ಟಿಯಾಗಿರುತ್ತದೆ, ಅದರ ಪಕ್ಕದ 1945ರ ಕಾದಂಬರಿ ಲಡ್ಡಾಗಿ, ಮಡಚಿದರೆ ಹಪ್ಪಳದಂತೆ ಮುರಿಯುತ್ತದೆ. ಆಧುನಿಕ ಕನ್ನಡ ಸಾಹಿತ್ಯದ ಬಹುಭಾಗ ಮೊದಲು ಅಚ್ಚಾದದ್ದು ಇಂಥ ಕಾಗದದ ಮೇಲೆಯೇ. ಅದನ್ನು ಮನೆಯಲ್ಲಿ ವಾಸಿಮಾಡಲು ಬರುವುದಿಲ್ಲ. ತಂಪಾಗಿಡಬಹುದು, ಕಡಿಮೆ ಮುಟ್ಟಬಹುದು, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಬಹುದು.

ಕರಡು ಮುಗಿದ ಮೇಲೆ ಒಂದು ನಿಜವಾದ ಬೀರುವಿನ ಮುಂದೆ ನಿಂತು ಓದಿ ನೋಡೋಣವೆಂದು ಬರ್ಕತ್‌ಪುರದ ಒಂದು ಮನೆಗೆ ಹೋದೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಕೊಟ್ಟಿದ್ದರು. ಅಜ್ಜನ ಪುಸ್ತಕಗಳು ಮೂರು ಬೀರು. ಮೊಮ್ಮಗನಿಗೆ ಇಪ್ಪತ್ತೈದರ ಹತ್ತಿರ. ಕರಡನ್ನು ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ವಾಪಸ್ ಕೊಟ್ಟ.

“ಮಾತಾಡ್ಲಿಕ್ಕೆ ಬರ್ತದ ಅಕ್ಕಾ, ಓದ್ಲಿಕ್ಕೆ ಬರಲ್ಲ. ಸ್ಕೂಲ್‌ನಾಗ ನಂದು ತೆಲುಗು.”

ಕನ್ನಡ ಓದಬಲ್ಲ ಅಜ್ಜನಿಗೆ ಈ ಕೈಪಿಡಿ ಬೇಕಿರಲಿಲ್ಲ. ಅವರು ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ ಹಾಕಿದ್ದರು, ಬೆನ್ನಿನ ಮೇಲೆ ಹೆಸರು ಬರೆದಿದ್ದರು, ಕನ್ನಡದಲ್ಲಿ. ಈಗ ಪುಸ್ತಕಗಳು ಯಾರ ಕೈಯಲ್ಲಿವೆಯೋ ಅವರಿಗೆ ಆ ಹೆಸರುಗಳೂ ಕಾಣವು, ನನ್ನ ಅನುವಾದವೂ ಕಾಣದು. ಬೂಷ್ಟು, ಗೆದ್ದಲು ಎರಡನ್ನೂ ಗೆದ್ದು ಬಂದ ಪುಸ್ತಕ ರದ್ದಿಯವನ ತಕ್ಕಡಿಗೆ ಹೋಗುವುದು ಇಂಥ ಹೊತ್ತಿನಲ್ಲೇ. ಅದೃಷ್ಟವಿದ್ದರೆ ಭಾನುವಾರದ ಆಬಿಡ್ಸ್ ಫುಟ್‌ಪಾತಿಗೆ ಬರುತ್ತದೆ.

ಓದು ಬರದಿದ್ದರೆ ಉಳಿಸಲಾಗದು ಎಂದಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳು ಕರಾವಳಿಯ ತೇವದಲ್ಲೂ ಶತಮಾನಗಳ ಕಾಲ ಉಳಿದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಓದಿದವರಿಗಿಂತ ದರ್ಶನ ಮಾಡಿದವರೇ ಬಹಳ. 1939ರಿಂದ ಅವು ಅಚ್ಚಾಗತೊಡಗುವವರೆಗೂ ಕಾಪಾಡಿದವರಿಗೆ ಒಂದು ತಿಳಿವಳಿಕೆ ಇದ್ದೇ ಇತ್ತು: ಈ ಗಂಟಿನಲ್ಲಿರುವುದು ಇಂಥದ್ದು. ಬರ್ಕತ್‌ಪುರದ ಬೀರುವಿನಲ್ಲಿ ಇಲ್ಲದ್ದು ಅದೇ.

ಹಾಗಾಗಿ ಕೈಪಿಡಿಗೆ ಇನ್ನೊಂದು ಪುಟ ಸೇರಿಸಲು ಕೇಳಿದೆ, ಒಪ್ಪಿದರು. ಪ್ರತಿ ಪುಸ್ತಕದೊಳಗೆ ಇಡಲು ಒಂದು ಚೀಟಿ, ಪೆನ್ಸಿಲ್ಲಿನಲ್ಲಿ ಬರೆಯಬೇಕು. ಹೆಸರು, ಬರೆದವರು, ಅಚ್ಚಾದ ಊರು, ವರ್ಷ, ಒಳಗಿರುವ ಸಹಿ ಯಾರದ್ದು. ಆ ಮನೆಯವರು ಯಾವುದನ್ನು ಓದುತ್ತಾರೋ ಆ ಭಾಷೆಯಲ್ಲಿ. ವರ್ಷ ಸಿಗದಿದ್ದರೆ ಬೆಲೆ ನೋಡಿ: ಆಣೆಯಲ್ಲಿದ್ದರೆ 1957ರ ಏಪ್ರಿಲಿನಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದು ಎನ್ನಬಹುದು.

ಚೀಟಿಯ ಕೆಳಗೆ ತೆಲುಗು ಅಕ್ಷರಗಳ ಪಕ್ಕ ಕನ್ನಡದವನ್ನು ಕೂರಿಸಿದ ಒಂದು ಪಟ್ಟಿ ಹಾಕಿದೆ. ಒಂದೇ ಲಿಪಿ ಕವಲೊಡೆದು ಎರಡಾದದ್ದು ಎಂದು ಎಂ.ಎ. ತರಗತಿಯಲ್ಲಿ ಬರೆದ ಉತ್ತರ ಇಲ್ಲಿ ಉಪಯೋಗಕ್ಕೆ ಬಂತು. ಗ, ದ, ನ, ಬ, ರ, ಲ ಹೆಚ್ಚುಕಡಿಮೆ ಒಂದೇ, ತಲೆಕಟ್ಟಿನ ಆಕಾರ ಬೇರೆ ಅಷ್ಟೆ. ಕ, ತ, ಶಗಳಲ್ಲಿ ತುಸು ಎಡವುತ್ತಾರೆ. ಮೊಮ್ಮಗ ಪಟ್ಟಿ ಹಿಡಿದು ಒಂದು ಪುಸ್ತಕದ ಬೆನ್ನಿಗೆ ಬೆರಳಿಟ್ಟ. “ಮ… ನೋ… ಹ… ರ.” 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಪುಸ್ತಕ ಅದು. ಅವನು ಅದನ್ನು ತೆಲುಗಿನಲ್ಲಿ ಬರೆದುಕೊಂಡ.

ಮೂರು ಬೀರುಗಳಲ್ಲಿ ಎರಡರ ಚೀಟಿ ಮುಗಿದಿವೆ. ಹೊಸ ಫ್ಲ್ಯಾಟಿನಲ್ಲಿ ಒಂದೇ ಬೀರುವಿಗೆ ಜಾಗವಂತೆ, ಯಾವುದನ್ನು ಇಟ್ಟುಕೊಳ್ಳುವುದು ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಮೊನ್ನೆ ಅವನಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಮೊದಲ ಹದಿನಾರು ಪುಟ ಕಳೆದುಕೊಂಡ ಒಂದು ನಾಟಕ. ಹಿಂದಿನ ರಟ್ಟಿನ ಮೇಲೆ ಬೆಲೆ ಹನ್ನೆರಡಾಣೆ. “ಹೆಸರು ಹೇಳ್ರಿ ಅಕ್ಕಾ, ಚೀಟಿ ಖಾಲಿ ಬಿಟ್ಟೀನಿ.” ಪಾತ್ರಗಳ ಹೆಸರು ಹಿಡಿದು ಹುಡುಕುತ್ತಿದ್ದೇನೆ.