ಬೆಕ್ಕಿನ ಸಕ್ಕರಿ ಬ್ಯಾನಿ

ಬೆಕ್ಕಿಗೆ ಬರುವ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಮನುಷ್ಯರಿಗೆ ನಡುವಯಸ್ಸಿನ ಮೇಲೆ ಬರುವ ಎರಡನೇ ಬಗೆಯ ಮಧುಮೇಹದಂಥದೇ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ಮೈ ಅದಕ್ಕೆ ಜಗ್ಗುವುದಿಲ್ಲ. ಹೆಚ್ಚು ಹೆಚ್ಚು ಸುರಿಸಿ ದಣಿದ, ಆ ಗ್ರಂಥಿಯ ಬೀಟಾ ಕೋಶಗಳು ಕಡೆಗೆ ಸೋಲುತ್ತವೆ. ಅವುಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನು ಗಟ್ಟಿಯಾಗಿ ಕೂರುತ್ತದೆ. ಏಳೆಂಟು ವರ್ಷ ದಾಟಿದ, ಮೈ ಬಂದ, ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ತುರಿಕೆಗೆಂದು ಮತ್ತೆ ಮತ್ತೆ ಕೊಡಿಸಿದ ಸ್ಟೆರಾಯ್ಡ್ ಸೂಜಿಯೂ ಕಾಯಿಲೆಯನ್ನು ಎಬ್ಬಿಸಬಲ್ಲದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳೆಯ ಮಣ್ಣಿನ ಮನೆಗಳಲ್ಲಿ ಬೆಕ್ಕಿಗೆ ಕೆಲಸವಿತ್ತು. ಜೋಳದ ಚೀಲಗಳ ಸಂದಿಯಲ್ಲಿ ಇಲಿ ಹಿಡಿಯುವುದು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವುದು, ತಾನು ಹಿಡಿದದ್ದನ್ನು ತಾನು ತಿನ್ನುವುದು. ಈಗ ಅದೇ ಊರುಗಳ ಹೊಸ ಬಡಾವಣೆಯ ಸ್ಲ್ಯಾಬಿನ ಮನೆಗಳಲ್ಲಿ ಇಲಿಯೂ ಇಲ್ಲ, ಹಾರುವ ಜಾಗವೂ ಇಲ್ಲ. ಮೂರು ಹೊತ್ತು ಹಾಲು ರೊಟ್ಟಿ, ನಡುವೆ ಪ್ಯಾಕೆಟ್ಟಿನ ಒಣ ಆಹಾರ, ಉಳಿದ ಹೊತ್ತೆಲ್ಲ ಫ್ಯಾನಿನ ಕೆಳಗೆ ನಿದ್ದೆ. ಬೆಕ್ಕಿನ ಮೈಕಟ್ಟು ಈ ಬದುಕಿಗೆ ಆದದ್ದಲ್ಲ.

ಕಾಯಿಲೆಯ ಮೊದಲ ಗುರುತು ನೀರಡಿಕೆ. ನೀರನ್ನು ಮೂಸಿ ಸರಿದುಹೋಗುತ್ತಿದ್ದ ಬೆಕ್ಕು ದನದ ಬಾನಿಗೆ ಬಾಯಿ ಹಾಕಿ ನಿಲ್ಲುತ್ತದೆ. ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 100 ಮಿ.ಲೀ.ಗಿಂತ ಹೆಚ್ಚು ನೀರು ಕುಡಿದರೆ ಅದು ಖಂಡಿತ ಸಹಜವಲ್ಲ. ಕುಡಿದಷ್ಟೂ ಉಚ್ಚೆ, ಬುಟ್ಟಿಗಟ್ಟಲೆ ಮರಳು ತೊಯ್ಯುತ್ತದೆ. ಹಿತ್ತಲಿಗೆ ಹೋಗಿಬರುವ ಬೆಕ್ಕಾದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯೊಳಗೆ ಉಚ್ಚೆ ಹೊಯ್ದಾಗ ಆ ಜಾಗಕ್ಕೆ ಇರುವೆ ಮುತ್ತಿದರೆ ಮಾತ್ರ ಅನುಮಾನ ಹುಟ್ಟುತ್ತದೆ. ಪ್ರಮೇಹದ ಮುನ್ಸೂಚನೆಗಳಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯೂ ಹೇಳಿದೆ. ಹೊಟ್ಟೆ ತುಂಬ ತಿಂದೂ ಬೆಕ್ಕು ಸೊರಗುತ್ತದೆ, ಕೂದಲು ಹೊಳಪು ಕಳೆದುಕೊಳ್ಳುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೂರಿ ನಡೆಯತೊಡಗುತ್ತವೆ, ಕಟ್ಟೆ ಹಾರಲು ಹೋಗಿ ಜಾರುತ್ತವೆ. ಯಾರೋ ಬಡಿಗೆಯಿಂದ ಹೊಡೆದಿರಬೇಕೆಂದು ಮನೆಯವರು ಎಣಿಸುತ್ತಾರೆ. ಅದು ಪೆಟ್ಟಲ್ಲ, ಸಕ್ಕರೆಯಿಂದ ನರಗಳು ಸೊರಗಿರುವುದರ ಫಲ. ಸಕ್ಕರೆ ಹತೋಟಿಗೆ ಬಂದರೆ ವಾರಗಳಲ್ಲೋ ತಿಂಗಳುಗಳಲ್ಲೋ ಕಾಲು ಬಹಳಷ್ಟು ಸುಧಾರಿಸುತ್ತದೆ.

ಒಂದೇ ಒಂದು ರಕ್ತಪರೀಕ್ಷೆಯಿಂದ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಹೇಳಿಬಿಡುವುದು ತಪ್ಪು. ಆರೋಗ್ಯವಂತ ಬೆಕ್ಕಿನ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 70ರಿಂದ 150 ಮಿ.ಗ್ರಾಂ. ಆದರೆ ಚೀಲದಲ್ಲಿ ಕಟ್ಟಿಕೊಂಡು, ಬಸ್ಸಿನ ಗದ್ದಲದಲ್ಲಿ ತಂದು, ನಾಯಿ ಬೊಗಳುವ ದವಾಖಾನೆಯಲ್ಲಿ ಒತ್ತಿ ಹಿಡಿದು ರಕ್ತ ತೆಗೆದರೆ ಹೆದರಿಕೆಯೊಂದರಿಂದಲೇ ಅದು 300 ಮುಟ್ಟಬಹುದು. ಆದ್ದರಿಂದ ವೈದ್ಯರು ಹಿಂದಿನ ಒಂದೆರಡು ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆ ಕೇಳುತ್ತಾರೆ, ಇಲ್ಲವೆ ಮನೆಯಲ್ಲೇ ಮೂತ್ರ ಪರೀಕ್ಷಿಸಲು ಹೇಳುತ್ತಾರೆ. ಮರಳಿನ ಬದಲು ತೊಳೆದು ಒಣಗಿಸಿದ ಸಣ್ಣ ಕಡಿ ಹರವಿದ ತಟ್ಟೆಯಲ್ಲಿ ಉಚ್ಚೆ ಹಿಡಿದು, ಮೆಡಿಕಲ್ ಅಂಗಡಿಯ ಗ್ಲುಕೋಸ್ ಪಟ್ಟಿ ಅದ್ದಿದರೆ ಸಾಕು. ಹೆದರಿಕೆಯಿಂದ ಏರಿದ ಸಕ್ಕರೆ ಮನೆಗೆ ಬಂದ ಮೇಲೆ ಇಳಿಯುತ್ತದೆ; ಕಾಯಿಲೆಯದಾದರೆ ಪಟ್ಟಿ ದಿನವೂ ಬಣ್ಣ ತೋರಿಸುತ್ತದೆ. ಬಾಯಿಯ ಹುಳುಕು, ಮೂತ್ರದ ಸೋಂಕು, ಮೇದೋಜೀರಕದ ಉರಿಯೂತ ಜೊತೆಗಿದ್ದರೆ ಅವಕ್ಕೂ ಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ಇನ್ಸುಲಿನ್ ಎಷ್ಟು ಕೊಟ್ಟರೂ ನಾಟುವುದಿಲ್ಲ.

ತಾಲೂಕು ಪಶು ಆಸ್ಪತ್ರೆಯ ಅಂಗಳದಲ್ಲಿ ಕಾಣುವವು ಹೆಚ್ಚಾಗಿ ಖಿಲಾರಿ ಎತ್ತು, ಎಮ್ಮೆ, ಆಡು, ಕುರಿ. ಹಾಗೆಂದು ಬೆಕ್ಕನ್ನು ಅಲ್ಲಿಗೆ ಒಯ್ಯಲು ಸಂಕೋಚ ಬೇಕಿಲ್ಲ. ಇನ್ಸುಲಿನ್ ವಿದ್ಯೆ ಪಶುವೈದ್ಯರಿಗೆ ಹೊಸದಲ್ಲ. ಹೆಚ್ಚಿನ ಪರೀಕ್ಷೆಗೆ ಇಂಡಿಯವರಿಗೆ ಸೊಲ್ಲಾಪುರವೂ ದೂರವಲ್ಲ, ಸಿಂದಗಿಯವರಿಗೆ ವಿಜಯಪುರವೂ ಕಲಬುರಗಿಯೂ ದಾರಿಯಲ್ಲೇ. ರೋಗ ಗೊತ್ತಾದ ಮೇಲಿನ ದಿನನಿತ್ಯದ ಕೆಲಸ ಮಾತ್ರ ಮನೆಯವರದೇ.

ಈ ಭಾಗದಲ್ಲಿ ಸಕ್ಕರಿ ಬ್ಯಾನಿಯ ಪರಿಚಯವಿಲ್ಲದ ಮನೆ ಸಿಗುವುದು ಕಷ್ಟ. ಅಜ್ಜನ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿರುತ್ತದೆ, ಅವನಿಗೆ ಸೂಜಿ ಮಾಡಿ ಕೈ ಪಳಗಿದ ಸೊಸೆ ಇರುತ್ತಾಳೆ. ಬೆಕ್ಕಿನ ಆರೈಕೆಗೆ ಇದು ದೊಡ್ಡ ಬಲ. ಆದರೆ ಮನುಷ್ಯರ ಕಾಯಿಲೆಯಿಂದ ಕಲಿತದ್ದರಲ್ಲಿ ಅರ್ಧವಷ್ಟೇ ಬೆಕ್ಕಿಗೆ ಒಪ್ಪುತ್ತದೆ, ಉಳಿದರ್ಧ ಅದರ ಜೀವಕ್ಕೆ ಎರವಾಗಬಲ್ಲದು. ಅಜ್ಜನ ಮೆಟ್‌ಫಾರ್ಮಿನ್ ಗುಳಿಗೆಯನ್ನು ಒಡೆದು ಹಾಲಿಗೆ ಹಾಕುವುದು ಆ ಎರಡನೆಯ ಬಗೆಯದು. ಹಾಗಲಕಾಯಿ ರಸ, ಮೆಂತ್ಯೆ ನೀರು, ಬೇವಿನೆಲೆ ಯಾವುದೂ ಬೆಕ್ಕಿಗೆ ಇನ್ಸುಲಿನ್ನಿನ ಬದಲಾಗುವುದಿಲ್ಲ. ಅವುಗಳಲ್ಲಿ ಕಳೆದ ಪ್ರತಿ ವಾರವೂ ಬೆಕ್ಕು ಚೇತರಿಸಿಕೊಳ್ಳುವ ಅವಕಾಶವನ್ನು ಕಿರಿದು ಮಾಡುತ್ತದೆ.

1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಕಂಡುಹಿಡಿದರು. ಪ್ರಾಣಿಗಳ ಋಣದಿಂದ ಬಂದ ಮದ್ದು ಈಗ ಪ್ರಾಣಿಗಳಿಗೂ ಸಲ್ಲುತ್ತಿದೆ. ಬೆಕ್ಕಿಗೆ ಹೆಚ್ಚಾಗಿ ಕೊಡುವುದು ನಿಧಾನವಾಗಿ ಕೆಲಸ ಮಾಡುವ ಗ್ಲಾರ್ಜಿನ್. ಮನುಷ್ಯರಿಗೆ ಮಾರುವ ಔಷಧವೇ ಅದು. ಬೆಂಗಳೂರಿನ ಬಯೋಕಾನ್ ಕೂಡ ತಯಾರಿಸುತ್ತದೆ. ಮನುಷ್ಯರಿಗೆ ದಿನಕ್ಕೊಮ್ಮೆ ಸಾಕಾಗುವ ಗ್ಲಾರ್ಜಿನ್ ಬೆಕ್ಕಿಗೆ 12 ತಾಸಿಗೊಮ್ಮೆ ಬೇಕು, ಏಕೆಂದರೆ ಬೆಕ್ಕಿನ ಮೈಯಲ್ಲಿ ಅದು ಬೇಗ ಕರಗುತ್ತದೆ. ಅಳತೆ ಮಾತ್ರ ತೀರ ಕಡಿಮೆ. ಬಹಳಷ್ಟು ಬೆಕ್ಕುಗಳಿಗೆ ಹೊತ್ತಿಗೆ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಶುರುವಾಗುತ್ತದೆ, ನಿಖರ ಲೆಕ್ಕ ವೈದ್ಯರದು.

ಅಳತೆ ಇಷ್ಟು ಸಣ್ಣದಾದ್ದರಿಂದಲೇ ಸಿರಿಂಜಿನ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಇವೆ: ಒಂದು ಮಿ.ಲೀ.ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಗ್ಲಾರ್ಜಿನ್ 100ರದು. ಅದನ್ನು ಅಜ್ಜನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ನಾಲ್ಕು ಕೆ.ಜಿ. ಜೀವಕ್ಕೆ ಈ ವ್ಯತ್ಯಾಸ ಪ್ರಾಣಾಂತಕವಾಗಬಹುದು. ಅಂಗಡಿಯವರು ಯಾವುದು ಕೊಟ್ಟರೂ ಸೀಸೆಯ ಮೇಲಿನ ಅಂಕೆ, ಸಿರಿಂಜಿನ ಮೇಲಿನ ಅಂಕೆ ಎರಡನ್ನೂ ಓದಿ ಜೋಡಿ ನೋಡಬೇಕು. ಅರ್ಧ ಯೂನಿಟ್ಟಿನ ಗೆರೆಯಿರುವ ಸಿರಿಂಜ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆಕ್ಕಿನ ಸಾಮಾನನ್ನು ಬೇರೆಯೇ ಡಬ್ಬಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸುವ ಮನೆಗಳಲ್ಲಿ ಗೊಂದಲ ಕಡಿಮೆ.

ಸೂಜಿ ಮಾಡುವುದು ಎಣಿಸಿದಷ್ಟು ಕಷ್ಟವಲ್ಲ. ಬೆಕ್ಕು ತಿನ್ನುತ್ತಿರುವಾಗ ಪಕ್ಕೆಯ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು, ಎತ್ತಿದ ಚರ್ಮದ ಬುಡಕ್ಕೆ ಸೂಜಿ ಚುಚ್ಚಿ ಒತ್ತಿದರೆ ಮುಗಿಯಿತು. ಸೂಜಿ ಎಷ್ಟು ಸಣ್ಣದೆಂದರೆ ಹೆಚ್ಚಿನ ಬೆಕ್ಕುಗಳು ತಲೆ ಎತ್ತುವುದೂ ಇಲ್ಲ. ದಿನವೂ ಜಾಗ ಬದಲಿಸಬೇಕು. ಮೊದಲು ಊಟ, ಆಮೇಲೆ ಸೂಜಿ ಎಂಬ ಕ್ರಮ ಒಳ್ಳೆಯದು, ತಿನ್ನದ ಬೆಕ್ಕಿಗೆ ಎಂದಿನಷ್ಟು ಇನ್ಸುಲಿನ್ ಕೊಡುವುದು ಅಪಾಯ. ಕೂದಲ ಮೇಲೆ ಚೆಲ್ಲಿತೋ ಒಳಗೆ ಹೋಯಿತೋ ತಿಳಿಯದಿದ್ದರೆ ಮತ್ತೊಮ್ಮೆ ಕೊಡಬಾರದು. ಒಂದು ಹೊತ್ತು ತಪ್ಪಿದರೂ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬಾರದು. ಬೆಳಿಗ್ಗೆ 7, ಸಂಜೆ 7 ಎಂದು ಹೊತ್ತು ಗೊತ್ತು ಮಾಡಿಕೊಂಡರೆ ಹೊಲಕ್ಕೋ ನಿಂಬೆ ತೋಟಕ್ಕೋ ಹೋಗಿ ಬರುವವರಿಗೂ ಹೊಂದುತ್ತದೆ. ಮದುವೆ, ಜಾತ್ರೆಗೆ ಮನೆ ಮಂದಿಯೆಲ್ಲ ಹೊರಡುವ ಈ ಸೀಮೆಯಲ್ಲಿ ಇನ್ನೊಬ್ಬರಿಗೆ ಈ ಕೆಲಸ ಕಲಿಸಿಟ್ಟಿರಲೇಬೇಕು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿ ದವಾಖಾನೆಗೆ ಮರಳಿಸಬೇಕು. ತಿಪ್ಪೆಗೆ ಎಸೆದರೆ ಮೇಯುವ ದನದ ಬಾಯಿಗೆ ಹೋಗುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗುವುದೂ ಉಂಟು. ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯ ತಂಪಿನಲ್ಲಿ, ಅಂದರೆ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ. ಬರ್ಫದ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿದರೆ ಆ ಔಷಧ ಎಸೆಯಲಷ್ಟೇ ಯೋಗ್ಯ. ಫ್ರಿಜ್ ಇಲ್ಲದ ಕಡೆ ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿಟ್ಟು, ನೆರಳಲ್ಲಿರುವ ಮಣ್ಣಿನ ಗಡಿಗೆಯೊಳಗೆ ಇಡುವುದು ಮನುಷ್ಯರ ಇನ್ಸುಲಿನ್ನಿಗೂ ವೈದ್ಯರು ಹೇಳುವ ಉಪಾಯ. ಗಡಿಗೆ ಫ್ರಿಜ್ಜಿನಷ್ಟು ತಂಪಾಗದು, ಬಿಸಿಲ ಝಳವನ್ನಂತೂ ತಡೆಯುತ್ತದೆ.

ಊಟದ ವಿಷಯ ಹೆಚ್ಚು ಸೂಕ್ಷ್ಮ. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು. ಬಸವಣ್ಣನ ಹುಟ್ಟೂರಾದ ಬಾಗೇವಾಡಿಯ ಸುತ್ತ ಮಾಂಸ ಒಳಗೆ ಬಾರದ ಮನೆಗಳು ಬಹಳ. ಅಂಥ ಮನೆಯ ಬೆಕ್ಕು ಜೋಳದ ರೊಟ್ಟಿ, ಹಾಲು, ಅನ್ನದ ಮೇಲೆಯೇ ಬೆಳೆದಿರುತ್ತದೆ. ಸಕ್ಕರೆ ಕಾಯಿಲೆ ಬಂದ ಅಜ್ಜನಿಗೆ ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಲು ಹೇಳುತ್ತಾರೆ, ಸರಿ. ಬೆಕ್ಕಿಗೆ ಅನ್ನವೂ ರೊಟ್ಟಿಯೂ ಒಂದೇ, ಎರಡೂ ಪಿಷ್ಟ. ಬೆಕ್ಕಿನ ತಾಟಿನಲ್ಲಿ ಪಿಷ್ಟದಿಂದ ಬರುವ ಶಕ್ತಿ ನೂರಕ್ಕೆ 12ರೊಳಗಿದ್ದರೆ ಉತ್ತಮ. ಒಣ ಆಹಾರದಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು. ಪ್ಯಾಕೆಟ್ಟಿನ ಮೇಲೆ ಪಿಷ್ಟದ ಅಂಕೆ ಬರೆದಿರದಿದ್ದರೆ ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ ಎಲ್ಲ ಕೂಡಿಸಿ ನೂರರಿಂದ ಕಳೆದರೆ ತೂಕದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ತಿಳಿಯುತ್ತದೆ. ಬೆಕ್ಕಿಗೆಂದೇ ಮಾಡಿದ ತೇವದ ಆಹಾರದ ಪೊಟ್ಟಣಗಳು ಸಸ್ಯಾಹಾರಿ ಮನೆಗೆ ಅಡುಗೆಮನೆ ಮುಟ್ಟದ ದಾರಿ. ಮಾಂಸ ಬೇಯಿಸುವ ಮನೆಯಲ್ಲಿ ಬೇಯಿಸಿದ ಕೋಳಿ, ಕೃಷ್ಣೆ, ಭೀಮೆಯ ಮೀನು, ತತ್ತಿ ಕೊಡಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ಬೆಕ್ಕಿಗೆ ವಿಷ. ಬರಿಯ ಮಾಂಸದ ತುಂಡಿನಲ್ಲಿ ಸುಣ್ಣದಂಶ ಸಾಲದ್ದರಿಂದ ಏನು ಬೆರೆಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಕೊಲ್ಹಾರದ ಗಟ್ಟಿ ಮೊಸರನ್ನು ಬೆಕ್ಕು ಎಷ್ಟೇ ಬಯಸಿದರೂ ಅದು ಈಗ ಊಟವಲ್ಲ.

ದಪ್ಪ ಬೆಕ್ಕನ್ನು ಇಳಿಸಬೇಕೆಂದು ಉಪವಾಸ ಕೆಡವುವುದು ದೊಡ್ಡ ತಪ್ಪು. ಎರಡು ಮೂರು ದಿನ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ವಾರಕ್ಕೆ ಮೈತೂಕದ ನೂರಕ್ಕೆ ಒಂದರಷ್ಟು ಇಳಿದರೆ ಸಾಕು. ಅಡತಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಇದಕ್ಕೆ ಒದಗುತ್ತದೆ. ಊಟ ಬದಲಿಸುವ ಮುಂಚೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ರೊಟ್ಟಿ ಹಾಲು ನಿಂತ ಕೂಡಲೇ ಬೇಕಾಗುವ ಇನ್ಸುಲಿನ್ ಇಳಿಯುತ್ತದೆ. ಓಣಿಯವರಿಗೂ ಹೇಳಿಡಬೇಕು. ಮನೆ ಮನೆಯಲ್ಲಿ ಹಾಲು ಕುಡಿದು ಬರುವ ಬೆಕ್ಕಿನ ಸಕ್ಕರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮೊದಲ ವಾರಗಳಲ್ಲಿ ಅದನ್ನು ಮನೆಯೊಳಗೇ ಇಟ್ಟುಕೊಂಡರೆ ಸೂಜಿಯ ಹೊತ್ತಿಗೆ ಹುಡುಕಾಟವೂ ತಪ್ಪುತ್ತದೆ.

ಮನೆಯ ಗ್ಲುಕೋಮೀಟರ್ ಬೆಕ್ಕಿಗೂ ನಡೆಯುತ್ತದೆ. ಕಿವಿಯ ಅಂಚನ್ನು ಬೆಚ್ಚಗೆ ಉಜ್ಜಿ ಚುಚ್ಚಿದರೆ ಒಂದು ಹನಿ ರಕ್ತ ಬರುತ್ತದೆ. ಮನುಷ್ಯರ ಯಂತ್ರ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಬೇಕು, ಯಾವ ಯಂತ್ರವೆಂದು ವೈದ್ಯರಿಗೂ ಹೇಳಿರಬೇಕು. ಒಂದು ದಿನದ ಅಂಕೆ ನೋಡಿ ಇನ್ಸುಲಿನ್ ಏರಿಸಬಾರದು. ಮೊದಲ ತಿಂಗಳುಗಳಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಎರಡು ತಾಸಿಗೊಂದು ಅಂಕೆಯಂತೆ ದಿನವಿಡೀ ಬರೆದಿಟ್ಟ ಪಟ್ಟಿಯನ್ನು ನೋಡಿ ವೈದ್ಯರು ಅಳತೆ ತಿದ್ದುತ್ತಾರೆ. ಎಷ್ಟು ತಿಂದಿತು, ಎಷ್ಟು ಕುಡಿಯಿತು, ಸೂಜಿ ಎಷ್ಟಕ್ಕೆ ಎಂಬ ಮೂರು ಸಂಗತಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿದ್ದರೂ ಬಹಳ ಉಪಕಾರ.

ಅತಿ ಬೇಗ ಗುರುತಿಸಬೇಕಾದದ್ದು ಸಕ್ಕರೆ ಇಳಿದುಹೋಗುವುದನ್ನು. ಸಕ್ಕರೆ 60ಕ್ಕಿಂತ ಕೆಳಗೆ ಜಾರಿದಾಗ ಬೆಕ್ಕು ತೂಗಾಡುತ್ತದೆ, ನಡುಗುತ್ತದೆ, ಕಕ್ಕಾಬಿಕ್ಕಿಯಾಗಿ ನೋಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಎಚ್ಚರವಿದ್ದರೆ ಕೂಡಲೇ ತಿನ್ನಿಸಬೇಕು. ತಿನ್ನದಿದ್ದರೆ ಜೇನುತುಪ್ಪವನ್ನೋ ಬೆಲ್ಲದ ಪಾಕವನ್ನೋ ಒಸಡಿಗೆ ಸವರಬೇಕು; ಪ್ರಜ್ಞೆಯಿಲ್ಲದ ಬಾಯಿಗೆ ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ಆಮೇಲೆ ಆಸ್ಪತ್ರೆ. ಮುಂದಿನ ಸೂಜಿ ವೈದ್ಯರು ಹೇಳಿದ ಮೇಲೆಯೇ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಪಾಯ, ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವುದು. ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿ, ಮುದುಡಿ ಮಲಗಿದರೆ ಬೆಳಗಿನವರೆಗೆ ಕಾಯುವಂತಿಲ್ಲ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಎಲ್ಲರ ಫೋನಿನಲ್ಲಿ ಇರಬೇಕಾದ ಸಂಖ್ಯೆ.

ಬೆಕ್ಕಿಗೆ ಬಾಯಿಂದ ಕೊಡುವ ಔಷಧಗಳೂ ಬಂದಿವೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಗುಳಿಗೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಒಪ್ಪಿಗೆ ಸಿಕ್ಕಿತು. ಎರಡೂ ಹಿಂದೆ ಇನ್ಸುಲಿನ್ ಪಡೆಯದ, ಬೇರೆ ಕಾಯಿಲೆಯಿಲ್ಲದ ಬೆಕ್ಕುಗಳಿಗೆ ಮಾತ್ರ. ಮನುಷ್ಯರಿಗಿರುವ ಅದೇ ಗುಂಪಿನ ಗುಳಿಗೆಯನ್ನು ತಂದು ತಾವೇ ಕೊಡುವುದು ಸಲ್ಲ, ರಕ್ತದ ಸಕ್ಕರೆ ಸರಿಯಿರುವಾಗಲೂ ಅವು ಕೀಟೋನ್ ಏರಿಸಬಲ್ಲವು.

ಮನುಷ್ಯರಲ್ಲಿ ವಿರಳವಾಗಿ ಆಗುವುದೊಂದು ಬೆಕ್ಕುಗಳಲ್ಲಿ ಸಾಕಷ್ಟು ಆಗುತ್ತದೆ. ರೋಗ ಗೊತ್ತಾದ ಕೂಡಲೇ ಇನ್ಸುಲಿನ್ ಶುರುವಾಗಿ, ತಾಟಿನಿಂದ ಪಿಷ್ಟ ಇಳಿದು, ಸಕ್ಕರೆ ಹದಕ್ಕೆ ಬಂದರೆ, ದಣಿದ ಬೀಟಾ ಕೋಶಗಳು ಬಿಡುವು ಸಿಕ್ಕಿ ಚೇತರಿಸಿಕೊಳ್ಳುತ್ತವೆ. ಹಾಗಾದಾಗ ಬೆಕ್ಕಿಗೆ ಸೂಜಿಯೇ ಬೇಡವಾಗುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ. ಅಂಕೆಗಳು ಇಳಿಯುತ್ತ ಬಂದಂತೆ ವೈದ್ಯರು ಅಳತೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ. ಮನೆಯವರು ತಾವಾಗಿ ನಿಲ್ಲಿಸುವಂತಿಲ್ಲ. ಎಲ್ಲ ಬೆಕ್ಕುಗಳಿಗೂ ಈ ಭಾಗ್ಯವಿಲ್ಲ. ಇನ್ಸುಲಿನ್ ಮುಂದುವರಿದರೂ ಬೆಕ್ಕು ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುತ್ತದೆ. ಬಿಡುಗಡೆ ಸಿಕ್ಕ ಬೆಕ್ಕಿಗೂ ಕಾಯಿಲೆ ಮರಳಬಹುದು. ಆದ್ದರಿಂದ ಹಳೆಯ ಹಾಲು ರೊಟ್ಟಿಗೆ ಹಿಂದಿರುಗದೆ, ವಾರಕ್ಕೊಮ್ಮೆ ಮೂತ್ರದ ಪಟ್ಟಿ ನೋಡುತ್ತ, ತಿಂಗಳಿಗೊಮ್ಮೆ ತೂಗುತ್ತ ಇರಬೇಕು. ಮುಂದೆ ಯಾವ ಕಾಯಿಲೆಗೆ ಹೋದಾಗಲೂ ಇದಕ್ಕೆ ಸಕ್ಕರೆ ಇತ್ತು, ಸ್ಟೆರಾಯ್ಡ್ ಬೇಡ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.